ಮೂಲೆ ಸೇರಿದ ತಂಬೂರಿ ಮತ್ತೆ ಮಕ್ಕಳ ಕೈಗೆ: ಏನೇನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

ಧಾರವಾಡದ ಹಳೆ ಓಣಿಗಳಲ್ಲಿ, ಹುಬ್ಬಳ್ಳಿಯ ತೊಟ್ಟಿಮನೆಗಳಲ್ಲಿ, ಗದಗ-ಹಾವೇರಿಯ ಮಠಗಳಲ್ಲಿ, ಭಜನಾ ಮಂಡಳಿಗಳ ಅಟ್ಟದ ಮೇಲೆ ಇನ್ನೂ ತಂಬೂರಿಗಳಿವೆ. ಅಜ್ಜನೋ ಅತ್ತೆಯೋ ಹಾಡುತ್ತಿದ್ದರು, ಅವರ ಕಾಲವಾದ ಮೇಲೆ ಗವಸು ಹಾಕಿ ಮೂಲೆಗೆ ನಿಲ್ಲಿಸಿದ್ದಾರೆ. ವರ್ಷಕ್ಕೊಮ್ಮೆ ಖಂಡೇಪೂಜೆಗೆ ಕುಂಕುಮ ಹಚ್ಚುತ್ತಾರೆ. ಮಗು ಹತ್ತಿರ ಹೋದರೆ "ಏ, ಮುಟ್ಟಬ್ಯಾಡ, ಒಡೀತದ" ಎನ್ನುತ್ತಾರೆ. ತಂಬೂರಿ ಮೂಕಾಗಲು ಮೊಬೈಲ್‌ಗಿಂತ ಈ ಮಾತೇ ಜಾಸ್ತಿ ಕಾರಣ ಅಂತ ನನ್ನ ಲೆಕ್ಕ.

ಆದ್ದರಿಂದ ಇಲ್ಲಿ ಹೇಳುವುದೆಲ್ಲ ಒಂದೇ ಕಡೆಗೆ ಹೋಗುತ್ತದೆ. ವಾದ್ಯವನ್ನು ರಿಪೇರಿ ಮಾಡಿಸಿ, ಶ್ರುತಿ ಮಾಡುವ ಕೆಲಸವನ್ನು ಮಗುವಿಗೇ ಒಪ್ಪಿಸಿಬಿಡಿ. ಹಾಡು ಆಮೇಲೆ ಬರಲಿ. ತಂಬೂರಿ ಸೇರಿಸಲು, ಅಂದರೆ ಶ್ರುತಿ ಮಾಡಲು, ಬಂದ ಮಗು ಅದನ್ನು ಸುಮ್ನೆ ಮೂಲೆಯಲ್ಲಿ ಬಿಡುವುದಿಲ್ಲ.

ಮೊದಲು ವಾದ್ಯವನ್ನು ಚೆನ್ನಾಗಿ ನೋಡಿ

ಗವಸು ತೆಗೆದು ಹಗಲು ಬೆಳಕಿಗೆ ತನ್ನಿ. ನೆಲದ ಮೇಲೆ ಹಾಗೇ ಇಡಬೇಡಿ. ಹಳೆ ಸೀರೆ ಸುತ್ತಿ ಒಂದು ಸಿಂಬಿ ಮಾಡಿ, ಅದರ ಮೇಲೆ ಬುರುಡೆ ಕೂರಿಸಿ. ಬುರುಡೆ ಎಂದರೆ ಒಣಗಿದ ಸೋರೆಕಾಯಿ. ಗೋಡೆಗೆ ಒರಗಿಸಿಟ್ಟ ತಂಬೂರಿ ಜಾರಿ ಬಿದ್ದರೆ ಮೊದಲು ಒಡೆಯುವುದು ಅದೇ.

ಬೆರಳಿನಿಂದ ಬುರುಡೆಯನ್ನು ಸುತ್ತಲೂ ಮೆಲ್ಲಗೆ ಬಡಿಯಿರಿ, ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡಿದ ಹಾಗೆ. ಎಲ್ಲ ಕಡೆ ಒಂದೇ ತರಹದ ಟಣಕು ಬಂದರೆ ಸರಿ. ಎಲ್ಲಾದರೂ ಸದ್ದು ಸಪ್ಪೆಯಾದರೆ, ಚರಚರ ಅಂದರೆ ಅಲ್ಲಿ ಬಿರುಕಿದೆ. ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಕೊರೆದಿದೆ. ಹಾಗಿದ್ದರೆ ಉಳಿದ ವಾದ್ಯಗಳಿಂದ ಅದನ್ನು ದೂರ ಇಡಿ.

ಬುರುಡೆಯ ಬಾಯಿ ಮುಚ್ಚಿದ ಮರದ ಹಲಗೆಗೆ ತಬಲಿ ಎನ್ನುತ್ತಾರೆ. ಅದು ಸ್ವಲ್ಪ ಉಬ್ಬಿರಬೇಕು. ಕುದುರೆಯ ಕೆಳಗೆ ತಗ್ಗಾಗಿದ್ದರೆ ಬಹಳ ವರ್ಷ ತಂತಿ ಬಿಗಿದೇ ಇಟ್ಟಿದ್ದಾರೆ ಎಂದರ್ಥ. ಕುದುರೆ ಎಂದರೆ ತಂತಿ ಹಾಯುವ ಅಗಲ ಪಟ್ಟಿ, ಘೋಡಿ ಅಂತಲೂ ಕರೆಯುತ್ತಾರೆ. ದಂಡಿ (ಮೇಲಿನ ಉದ್ದ ಮರ) ಮತ್ತು ಬುರುಡೆ ಕೂಡುವ ಕುತ್ತಿಗೆಯ ಹತ್ತಿರ ಕಣ್ಣಿಟ್ಟು ನೋಡಿ. ತಂತಿಯ ಎಳೆತಕ್ಕೆ ಅಲ್ಲಿ ಸಂದು ಬಿಡುವುದು ಬಹಳ ಸಾಮಾನ್ಯ. ಕೊನೆಗೆ ತಂತಿ ಬಿಗಿಯುವ ನಾಲ್ಕು ಬಿರಡೆಗಳನ್ನು ತಿರುಗಿಸಿ ನೋಡಿ. ತಿರುಗದಿದ್ದರೆ ಬಲ ಹಾಕಬೇಡಿ, ಎಣ್ಣೆಯನ್ನಂತೂ ಹಾಕಲೇಬೇಡಿ. ಎಣ್ಣೆ ಕುಡಿದ ಬಿರಡೆ ಮುಂದೆ ನಿಲ್ಲುವುದೇ ಇಲ್ಲ.

ಯಾವುದು ಮನೆ ಕೆಲಸ, ಯಾವುದು ಕಸಬಿನವರ ಕೆಲಸ

ತಂತಿ ಬದಲಿಸುವುದು, ಬಿರಡೆಗೆ ಸೀಮೆಸುಣ್ಣದ ಪುಡಿ ಹಚ್ಚುವುದು, ಧೂಳು ಒರೆಸುವುದು, ದಾರ ಹಾಕುವುದು ಮನೆಯಲ್ಲೇ ಆಗುವ ಕೆಲಸ. ಬುರುಡೆಯ ಬಿರುಕು, ಕುತ್ತಿಗೆಯ ಸಂದು, ತಬಲಿಯ ತಗ್ಗು, ಜವಾರಿ (ದನಿ ಝೇಂಕರಿಸುವಂತೆ ಕುದುರೆಯ ಮೈ ಉಜ್ಜಿ ಹದ ಮಾಡುವುದು) ಇವೆಲ್ಲ ಪಳಗಿದ ಕೈಯವರಿಗೆ. ಫೆವಿಕಾಲ್ ಡಬ್ಬಿ ಹಿಡಿದು ಬುರುಡೆಯ ಮುಂದೆ ಕೂರುವ ಉತ್ಸಾಹಿಗಳನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ನಮ್ಮ ಕಡೆಯವರಿಗೆ ಮಹಾರಾಷ್ಟ್ರದ ಮೀರಜ್ ಹತ್ತಿರ ಇರುವುದೇ ಒಂದು ಭಾಗ್ಯ. ಹುಬ್ಬಳ್ಳಿಯಿಂದ ಬೆಳಗಾವಿ ಮೇಲೆ ರೈಲಿನಲ್ಲಿ ಹೋಗಬಹುದು. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿ ತಂಬೂರಿ, ಸಿತಾರ್ ಮಾಡುತ್ತಾ ಬಂದ ಮನೆತನಗಳಿವೆ. ಮೊದಲು ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಈ ಕಸಬಿಗೆ ಬಂದವರು. ಬುರುಡೆಗೆ ಬೇಕಾದ ದಪ್ಪ ಸೋರೆಕಾಯಿ ಪಂಢರಪುರದ ಸುತ್ತಲಿನ ಹೊಲಗಳಿಂದ ಬರುತ್ತದೆ. 2024ರಲ್ಲಿ ಮೀರಜ್ ತಂಬೂರಿಗೆ, ಸಿತಾರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ರಿಪೇರಿಗೆ ಒಯ್ಯುವಾಗ ಮೂರು ಮಾತು ಬರೆದುಕೊಂಡು ಹೋಗಿ. ಹಾಡುವವರ ಶ್ರುತಿ ಯಾವುದು, ಏನು ತೊಂದರೆ ಕಂಡಿದೆ, ಯಾವುದನ್ನು ಮುಟ್ಟಬಾರದು. ಮೂರನೆಯದನ್ನು ಜನ ಮರೆಯುತ್ತಾರೆ. ಹಳೆ ಕೆತ್ತನೆ, ಹಳೆ ಬಣ್ಣ ಹಾಗೇ ಇರಲಿ ಎಂದು ಹೇಳದಿದ್ದರೆ ವಾದ್ಯ ಹೊಚ್ಚ ಹೊಸ ಪಾಲಿಶ್ ಹೊಡೆಸಿಕೊಂಡು ಬರುತ್ತದೆ. ಹಳೆ ಕುದುರೆ ಸವೆದಿದ್ದರೆ ಈಗ ಒಂಟೆ ಮೂಳೆಯದ್ದು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನದ್ದು ಹಾಕುತ್ತಾರೆ. ಮೂಳೆಯ ದನಿ ನನಗೆ ಹೆಚ್ಚು ಇಷ್ಟ. ಆದರೆ ಕಲಿಯುವ ಮಕ್ಕಳಿಗೆ ಪ್ಲಾಸ್ಟಿಕ್ ಏನೂ ಕಡಿಮೆಯಲ್ಲ, ಬೇಗ ಸವೆಯುವುದೂ ಇಲ್ಲ.

ಪ್ರಯಾಣಕ್ಕೆ ಮುಂಚೆ ನಾಲ್ಕೂ ತಂತಿಯನ್ನು ಸಡಿಲ ಮಾಡಿ, ಪೂರ್ತಿ ಬಿಚ್ಚಬೇಡಿ. ಗವಸಿನ ಮೇಲೆ ಒಂದು ದಪ್ಪ ಕೌದಿ ಸುತ್ತಿ. ಫೋಮ್ ಹಾಕಿದ ಅಂಗಡಿ ಬ್ಯಾಗಿಗಿಂತ ಅಜ್ಜಿ ಹೊಲಿದ ಕೌದಿ ಒಳ್ಳೆಯದು. ಬುರುಡೆಯ ಗುಂಡಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಬಸ್ಸಿನ ಟಾಪಿಗೆ, ಡಿಕ್ಕಿಗೆ ಹಾಕಬೇಡಿ. ತೊಡೆಯ ಮೇಲೆ ಇಟ್ಟುಕೊಳ್ಳಿ, ಕಂಡಕ್ಟರ್ ಗೊಣಗಿದರೆ ಗೊಣಗಲಿ.

ತಂತಿ ಬದಲಿಸುವುದು

ಒಂದೊಂದಾಗಿ ಬದಲಿಸಿ. ನಾಲ್ಕನ್ನೂ ಒಮ್ಮೆಲೇ ಬಿಚ್ಚಿದರೆ ಕುದುರೆ ಜರುಗಬಹುದು. ಜರುಗಿದ ಕುದುರೆಯನ್ನು ಮತ್ತೆ ಅದೇ ಜಾಗಕ್ಕೆ ತರುವುದು ಸುಲಭವಲ್ಲ. ಅದಕ್ಕೇ ಮೊದಲೇ ಕುದುರೆಯ ಸುತ್ತ ಪೆನ್ಸಿಲ್ಲಿನಿಂದ ತೆಳುವಾಗಿ ಗೆರೆ ಹಾಕಿಡಿ.

ಮೊದಲ ತಂತಿ ಮಂದ್ರ ಪಂಚಮದ್ದು, ಅಂದರೆ ಕೆಳಗಿನ ಪ. ನಡುವಿನ ಎರಡು ಉಕ್ಕಿನವು, ಎರಡೂ ಒಂದೇ ಷಡ್ಜ (ಸ), ಇವಕ್ಕೆ ಜೋಡಿ ಎನ್ನುತ್ತಾರೆ. ನಾಲ್ಕನೆಯದು ದಪ್ಪ ಹಿತ್ತಾಳೆ ತಂತಿ, ಕೆಳಗಿನ ಷಡ್ಜ, ಅದಕ್ಕೆ ಖರಜ ಎಂದು ಹೆಸರು. ಅಂಗಡಿಯಲ್ಲಿ ಸುಮ್ನೆ "ತಂಬೂರಿ ತಂತಿ ಕೊಡಿ" ಅನ್ನಬೇಡಿ. ಶ್ರುತಿ ಹೇಳಿ. ಗಂಡಸರ ದನಿ ಸಾಮಾನ್ಯವಾಗಿ ಹಾರ್ಮೋನಿಯಂನ ಕರಿ ಒಂದರ, ಅಂದರೆ ಮೊದಲ ಕರಿ ಮನೆಯ, ಆಸುಪಾಸು ಇರುತ್ತದೆ, ಹೆಂಗಸರದ್ದು ಕರಿ ನಾಲ್ಕು, ಕರಿ ಐದರ ಹತ್ತಿರ. ಸಣ್ಣ ಮಕ್ಕಳದ್ದು, ಗಂಡಾಗಲಿ ಹೆಣ್ಣಾಗಲಿ, ಹೆಂಗಸರ ಶ್ರುತಿಯ ಕಡೆಗೇ ಇರುತ್ತದೆ. ಅಜ್ಜನ ದೊಡ್ಡ ತಂಬೂರಿಯಲ್ಲಿ ಮೊಮ್ಮಗಳ ಶ್ರುತಿ ಹಿಡಿಯಲು ಹೋದರೆ ತಂತಿ ಪಟ್ಟನೆ ಹರಿಯುತ್ತದೆ. ಐದು ಅಡಿಯ ಗಂಡು ತಂಬೂರಿ, ನಾಲ್ಕು ಅಡಿಯ ಹೆಣ್ಣು ತಂಬೂರಿ ಅಂತ ಎರಡು ಇರುವುದೇ ಈ ಕಾರಣಕ್ಕೆ.

ತಂತಿಯ ತುದಿಗೆ ಕುಣಿಕೆ ಮಾಡಿ ಬುರುಡೆಯ ತಳದ ಕೊಕ್ಕೆಗೆ ಸಿಕ್ಕಿಸಿ. ಕುದುರೆಗೂ ಕೊಕ್ಕೆಗೂ ನಡುವೆ ತಂತಿಯಲ್ಲಿ ಓಡಾಡುವ, ಶ್ರುತಿ ತಿದ್ದುವ ಮಣಿ ಪೋಣಿಸಲು ಮರೆಯಬೇಡಿ. ಕುದುರೆಯ ಮೇಲಿಂದ ಹಾಯಿಸಿ, ಮೇಲೆ ತೂತಿನಿಂದ ತೂರಿಸಿ ಬಿರಡೆಗೆ ಸುತ್ತಿ. ಸುತ್ತುಗಳು ಒಂದರ ಪಕ್ಕ ಒಂದು ಬರಲಿ, ಒಂದರ ಮೇಲೊಂದು ಏರಬಾರದು. ಬಿರಡೆ ತಿರುಗಿಸುವಾಗ ಒಳಗೆ ಒತ್ತುತ್ತಾ ತಿರುಗಿಸಿ. ಬರೀ ತಿರುಗಿಸಿದರೆ ಕೈ ಬಿಟ್ಟ ಕೂಡಲೇ ಜರ್ರನೆ ಬಿಚ್ಚಿಕೊಳ್ಳುತ್ತದೆ. ಹೊಸ ತಂತಿ ಒಂದೆರಡು ದಿನ ಎಳೆಯುತ್ತಲೇ ಇರುತ್ತದೆ, ಶ್ರುತಿ ನಿಲ್ಲಲಿಲ್ಲ ಅಂತ ಗಾಬರಿ ಬೇಡ.

ತಂಬೂರಿ ಸೇರಿಸುವುದು

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇಲ್ಲಿ ಅವಸರ ಮಾಡಬೇಡಿ. ಮಗುವನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ.

ಮೊದಲು ನಾಲ್ಕೂ ಮಣಿಗಳನ್ನು ತಮ್ಮ ಓಡಾಟದ ನಡುವಿಗೆ ತನ್ನಿ. ಆಮೇಲೆ ಮೇಲೂ ಕೆಳಗೂ ಸರಿಸಲು ಜಾಗ ಬೇಕಲ್ಲ. ಹಾರ್ಮೋನಿಯಂನಲ್ಲಿ ಷಡ್ಜ ಹಿಡಿಯಿರಿ. ಜೋಡಿಯ ಮೊದಲ ತಂತಿಯನ್ನು ಅದಕ್ಕೆ ಸೇರಿಸಿ. ತಂತಿಯನ್ನು ಸ್ವಲ್ಪ ಕೆಳಗಿನಿಂದ ಏರಿಸುತ್ತಾ ಬನ್ನಿ. ಮೇಲಿನಿಂದ ಇಳಿಸಿ ಸೇರಿಸಿದ ತಂತಿ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಜಾರುತ್ತದೆ. ದಾಟಿ ಮೇಲೆ ಹೋದರೆ ಪೂರ್ತಿ ಕೆಳಗೆ ಬಂದು ಮತ್ತೆ ಏರಿಸಿ.

ಷಡ್ಜ ಸಿಕ್ಕ ಮೇಲೆ ಹಾರ್ಮೋನಿಯಂ ಮುಚ್ಚಿ. ಇದು ಕಡ್ಡಾಯ. ಎರಡನೆಯ ಜೋಡಿ ತಂತಿಯನ್ನು ಮೊದಲನೆಯದಕ್ಕೆ ಕಿವಿಯಿಂದಲೇ ಸೇರಿಸಿ. ಎರಡನ್ನೂ ಬೆನ್ನಿಗೆ ಬೆನ್ನು ಮೀಟಿ. ಎರಡೂ ಸ್ವಲ್ಪ ಬೇರೆಯಾಗಿದ್ದರೆ ದನಿ ತೂಗಾಡುತ್ತದೆ, "ವಾಂವ್ ವಾಂವ್ ವಾಂವ್" ಎಂದು. ಹತ್ತಿರ ಬಂದಂತೆಲ್ಲ ತೂಗಾಟ ನಿಧಾನವಾಗುತ್ತದೆ. ಪೂರ್ತಿ ಸೇರಿದಾಗ ನಿಂತೇ ಹೋಗುತ್ತದೆ. ಮಗುವಿಗೆ ತೋರಿಸಬೇಕಾದ ಮೊದಲ ಪಾಠ ಇದು. "ಯಾವ ಸ್ವರ?" ಅಂತ ಕೇಳಬೇಡಿ. "ತೂಗಾಡ್ತದೋ, ನಿಂತ್ತೋ?" ಅಂತ ಕೇಳಿ. ಸಂಗೀತದ ಗಂಧವಿಲ್ಲದ ಮಗುವೂ ಇದನ್ನು ಹೇಳುತ್ತದೆ. ಅಷ್ಟೇ ಅಲ್ಲ, ಅದಕ್ಕೆ ಇದೊಂದು ಆಟವಾಗುತ್ತದೆ.

ಬಿರಡೆಯಿಂದ ಹತ್ತಿರ ತಂದು, ಕೊನೆಯ ಕೂದಲೆಳೆಯಷ್ಟನ್ನು ಮಣಿಯಿಂದ ಸರಿಮಾಡಿ. ಮಣಿಯನ್ನು ಕುದುರೆಯಿಂದ ದೂರಕ್ಕೆ, ಕೊಕ್ಕೆಯ ಕಡೆ ಸರಿಸಿದರೆ ಶ್ರುತಿ ಏರುತ್ತದೆ. ಕುದುರೆಯ ಕಡೆ ತಂದರೆ ಇಳಿಯುತ್ತದೆ. ಬಿರಡೆ ತಿರುಗಿಸಲು ಮಕ್ಕಳ ಕೈಗೆ ಬಲ ಸಾಲದು, ಮಣಿ ಸರಿಸಲು ಸಾಲುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ಬಿರಡೆ ನಿಮ್ಮದು, ಮಣಿ ಅವರದ್ದು.

ಜೋಡಿ ಆದ ಮೇಲೆ ಖರಜ. ಆಮೇಲೆ ಪಂಚಮ. ಮಾಲಕಂಸದಂಥ ಪಂಚಮವಿಲ್ಲದ ರಾಗಕ್ಕೆ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ಪೂರಿಯಾದಂಥದ್ದಕ್ಕೆ ನಿಷಾದ. ಮಕ್ಕಳಿಗೆ ಸದ್ಯಕ್ಕೆ ಪಂಚಮ ಸಾಕು.

ಈಗ ಒಂದು ತಮಾಷೆ ತೋರಿಸಿ. ಖರಜವನ್ನೊಂದೇ ಮೀಟಿ, ದನಿ ಕರಗುವ ತನಕ ಸುಮ್ಮನೆ ಕೇಳಿಸಿಕೊಳ್ಳಲು ಹೇಳಿ. ಷಡ್ಜದ ತಂತಿಯೊಳಗಿಂದ ಮೆಲ್ಲಗೆ ಗಾಂಧಾರ (ಗ) ಏಳುತ್ತದೆ. ಯಾರೂ ಗಾಂಧಾರಕ್ಕೆ ತಂತಿ ಕಟ್ಟಿಲ್ಲ, ಆದರೂ ಕೇಳಿಸುತ್ತದೆ. ಕೇಳಿಸದಿದ್ದರೆ ಒಂದೋ ಶ್ರುತಿ ಸರಿಯಿಲ್ಲ, ಇಲ್ಲವೇ ಜವಾರಿ ಸವೆದಿದೆ. ಕುದುರೆಯ ಮೈ ಚಪ್ಪಟೆಯಲ್ಲ, ಸಣ್ಣ ಬಾಗು ಇದೆ. ತಂತಿ ನಡುಗುವಾಗ ಆ ಬಾಗಿಗೆ ಸವರುತ್ತಾ ಒಳಗಿನ ಮೇಲು ಸ್ವರಗಳನ್ನು ಎಬ್ಬಿಸುತ್ತದೆ. ಸಿ. ವಿ. ರಾಮನ್ ಅವರು 1921ರಲ್ಲೇ ತಂಬೂರಿ, ವೀಣೆಗಳ ಈ ಗುಣದ ಮೇಲೆ ಬರೆದಿದ್ದಾರೆ. ಸಾಮಾನ್ಯ ತಂತಿ ನಿಯಮದ ಪ್ರಕಾರ ಏಳಬಾರದ ಸ್ವರಗಳೂ ಇಲ್ಲಿ ಏಳುತ್ತವೆ ಎಂಬುದು ಅವರ ಗಮನಕ್ಕೆ ಬಂದಿತ್ತು. ವಿಜ್ಞಾನ ಇಷ್ಟಪಡುವ ಹುಡುಗರಿಗೆ ಇದನ್ನು ಹೇಳಿ, ಹಾಡಲು ಬಾರದವರೂ ತಂಬೂರಿಯ ಹತ್ತಿರ ಬರುತ್ತಾರೆ.

ದಾರ ಹಾಕುವುದು

ಶ್ರುತಿ ಸರಿಯಾದರೂ ದನಿ ಸಪ್ಪೆ ಅನಿಸಿದರೆ ದಾರ ನೋಡಿ. ಪ್ರತಿ ತಂತಿಗೂ ಕುದುರೆಯ ಮೇಲೆ ಒಂದು ಎಳೆ ಹತ್ತಿ ದಾರ ಇರುತ್ತದೆ, ಜೀವಾ ಎನ್ನುತ್ತಾರೆ. ಹೊಲಿಗೆಯ ಹತ್ತಿ ದಾರವೇ ಸಾಕು, ನೈಲಾನ್ ಬೇಡ. ದಾರವನ್ನು ತಂತಿಯ ಕೆಳಗೆ ಸೇರಿಸಿ ಎರಡೂ ತುದಿ ಹಿಡಿದುಕೊಳ್ಳಿ. ಒಂದು ಕೈಯಿಂದ ತಂತಿ ಮೀಟುತ್ತಾ ಇನ್ನೊಂದು ಕೈಯಿಂದ ದಾರವನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸಿ. ಮೊದಲು ದನಿ ಮೊಂಡಾಗಿರುತ್ತದೆ. ಇನ್ನಷ್ಟು ಸರಿಸಿದರೆ ಝರಝರ ಅನ್ನುತ್ತದೆ. ಇವೆರಡರ ನಡುವೆ ಒಂದು ಕಡೆ ದನಿ ತಟ್ಟನೆ ತೆರೆದುಕೊಂಡು ಉದ್ದಕ್ಕೆ ಝೇಂಕರಿಸುತ್ತದೆ. ಅಲ್ಲೇ ನಿಲ್ಲಿಸಿ. ಅಕ್ಕಿ ಕಾಳಿನಷ್ಟೂ ಅಗಲವಿಲ್ಲದ ಜಾಗ ಅದು. ದಾರ ಎಷ್ಟು ಸರಿಸಿದರೂ ತೆರೆಯದಿದ್ದರೆ ಕುದುರೆಯಲ್ಲಿ ತಂತಿ ಕೊರೆದ ಗೀರು ಬಿದ್ದಿದೆ. ಅರ ಹಿಡಿದು ನೀವೇ ಉಜ್ಜಲು ಹೋಗಬೇಡಿ, ಜವಾರಿ ಮಾಡುವವರಿಗೆ ಕೊಡಿ. ಕಿರಾನಾ ಘರಾಣೆ ಎಂಬ ಹಿಂದುಸ್ತಾನಿ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರು ಗಾಯಕರಾಗಿದ್ದೂ ವಾದ್ಯ ರಿಪೇರಿಯಲ್ಲಿ ಕೈ ಪಳಗಿಸಿಕೊಂಡಿದ್ದರು. ಎಲ್ಲರಿಗೂ ಆ ಕೈ ಇರುವುದಿಲ್ಲ.

ಮಗುವಿನ ಕೈಗೆ ಕೊಡುವುದು

ವಯಸ್ಸಿಗಿಂತ ಮೈಕಟ್ಟು ನೋಡಿ. ಚಕ್ಕಳಮಕ್ಕಳ ಹಾಕಿ ಕೂತು, ಬುರುಡೆಯನ್ನು ತೊಡೆಯ ಮುಂದೆ ಇಟ್ಟು, ನೆಟ್ಟಗೆ ನಿಲ್ಲಿಸಿದ ದಂಡಿಯನ್ನು ಬಲಗೈಯಿಂದ ಬಳಸಲು ಆಗಬೇಕು. ಆಗದಿದ್ದರೆ ತಂಬೂರಿಯನ್ನು ಸಿಂಬಿಯ ಮೇಲೆ ಅಡ್ಡ ಮಲಗಿಸಿ, ಪಕ್ಕದಲ್ಲಿ ಕೂತು ಮೀಟಲಿ. ಅದೇನೂ ಅವಮಾನವಲ್ಲ.

ಪಂಚಮವನ್ನು ಮಧ್ಯದ ಬೆರಳಿನಿಂದ, ಉಳಿದ ಮೂರನ್ನು ತೋರುಬೆರಳಿನಿಂದ ಮೀಟಬೇಕು. ಉಗುರು ತಾಗಬಾರದು, ಬೆರಳಿನ ಮೆತ್ತನೆ ಭಾಗ ತಂತಿಯನ್ನು ಸವರಿ ಜಾರಬೇಕು. ಕುದುರೆಯ ಹತ್ತಿರವಲ್ಲ, ತಂತಿಯ ನಡುಭಾಗದ ಕಡೆ. ಮಕ್ಕಳು ಗಿಟಾರ್ ನೋಡಿ ಬೆಳೆದವರು, ಎಳೆದು ಬಿಡುತ್ತಾರೆ. "ಎಳೀಬ್ಯಾಡ, ಸವರು" ಅಂತ ನೂರು ಸಲ ಹೇಳಬೇಕಾಗುತ್ತದೆ. ಇನ್ನೊಂದು ಕಷ್ಟ, ಮಕ್ಕಳು ಹಾಡಿನ ತಾಳಕ್ಕೆ ಸರಿಯಾಗಿ ಮೀಟಲು ಹೋಗುತ್ತಾರೆ. ತಂಬೂರಿಗೆ ತಾಳವಿಲ್ಲ. ಅದರ ಪಾಡಿಗೆ ಅದು ಹರಿಯಬೇಕು. ಇದನ್ನು ಬಿಡಿಸಲು ನೀವು ಪಕ್ಕದಲ್ಲಿ ಕೂತು ಕೈತಾಳ ಹಾಕಿ, ಮಗು ಅದಕ್ಕೆ ಸಿಗದೆ ಮೀಟಲಿ. ನಗು ಬರುತ್ತದೆ, ಆದರೆ ಕೆಲಸ ಆಗುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ಐದು ನಿಮಿಷ ಸೇರಿಸುವುದು, ಐದು ನಿಮಿಷ ಮೀಟುತ್ತಾ ಬರೀ ಷಡ್ಜ ಹಾಡುವುದು. ಹೊತ್ತು ಒಂದೇ ಇರಲಿ. ಶಾಲೆಗೆ ಹೋಗುವ ಮೊದಲು ಆಗದಿದ್ದರೆ ಸಂಜೆ ದೀಪ ಹಚ್ಚಿದ ಮೇಲೆ. ಟಿವಿ ಆ ಹತ್ತು ನಿಮಿಷ ಬಂದ್.

ಮೊಬೈಲ್ ಆ್ಯಪ್ ಬಗ್ಗೆ ಒಂದು ಮಾತು. ಎಲೆಕ್ಟ್ರಾನಿಕ್ ತಂಬೂರಿ, ಆ್ಯಪ್ ಬೇಡ ಎಂದು ನಾನು ಹೇಳುವುದಿಲ್ಲ. ಬಸ್ಸಿನಲ್ಲಿ, ಹಾಸ್ಟೆಲಿನಲ್ಲಿ, ಒಬ್ಬರೇ ಅಭ್ಯಾಸ ಮಾಡುವಾಗ ಅದು ದೊಡ್ಡ ಅನುಕೂಲ. ಆದರೆ ಶ್ರುತಿ ತೋರಿಸುವ ಮುಳ್ಳಿನ ಆ್ಯಪ್ ಇದೆಯಲ್ಲ, ಅದನ್ನು ನೋಡಿ ತಂಬೂರಿ ಸೇರಿಸಲು ಮಕ್ಕಳಿಗೆ ಬಿಡಬೇಡಿ. ಮುಳ್ಳು ನಡುವಿಗೆ ಬಂದರೂ ದನಿ ಸೇರಿರುವುದಿಲ್ಲ ಎನ್ನುವುದನ್ನು ಅವರೇ ಕೇಳಿ ತಿಳಿಯಲಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ತಲೆಮಾರುಗಟ್ಟಲೆ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರು ಗುರುಗಳಿಗೂ ಕಣ್ಣಿರಲಿಲ್ಲ, ಬಹಳಷ್ಟು ಶಿಷ್ಯರಿಗೂ ಇರಲಿಲ್ಲ. ಮುಳ್ಳು ನೋಡಿ ಯಾರೂ ತಂಬೂರಿ ಸೇರಿಸಲಿಲ್ಲ.

ಹಾಡುವವರ ಹಿಂದೆ ಕೂರಿಸುವುದು

ಮನೆಯಲ್ಲಿ ಮೀಟಲು ಬಂದ ಮಗುವಿಗೆ ಹೊರಗೆ ಒಂದು ಜಾಗ ಬೇಕು. ಆ ಜಾಗ ಹಿಂದೆ ತಾನಾಗಿ ಇತ್ತು. ಗುರುಗಳು ಹಾಡುವಾಗ ಹಿಂದೆ ತಂಬೂರಿ ಹಿಡಿದು ಶಿಷ್ಯರು ಕೂರುತ್ತಿದ್ದರು, ಅಲ್ಲೇ ಅರ್ಧ ಕಲಿಯುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಗದಗ ಸೀಮೆಯ ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲೇ ಇದ್ದು ಕಲಿತರು. ಕಲಿಕೆ ಎಂದರೆ ಆಗ ಗುರುವಿನ ಪಕ್ಕದಲ್ಲಿ ಗಂಟೆಗಟ್ಟಲೆ ಕೂತು ಕೇಳುವುದೇ ಆಗಿತ್ತು.

ಈಗ ಎಷ್ಟೋ ಕಾರ್ಯಕ್ರಮಗಳಲ್ಲಿ ಆ ಜಾಗದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಡಬ್ಬಿಯೊಂದು ಕೂತಿರುತ್ತದೆ. ನಿಮ್ಮ ಓಣಿಯಲ್ಲಿ ಗಣೇಶೋತ್ಸವಕ್ಕೋ, ಶ್ರಾವಣದ ಭಜನೆಗೋ, ಗುರುಪೂರ್ಣಿಮೆಗೋ ಹಾಡು ಇದ್ದರೆ ಕಮಿಟಿಯವರ ಹತ್ತಿರ ಮೊದಲೇ ಮಾತಾಡಿ. "ಎರಡು ತಂಬೂರಿ, ಇಬ್ಬರು ಮಕ್ಕಳು ನಮ್ಮ ಕಡೆಯಿಂದ" ಎನ್ನಿ. ಗಾಯಕರನ್ನೂ ಮುಂಚೆಯೇ ಕೇಳಿ ಅವರ ಶ್ರುತಿ ತಿಳಿದುಕೊಳ್ಳಿ, ಮಕ್ಕಳಿಂದ ಒಂದು ಗಂಟೆ ಮೊದಲೇ ಸೇರಿಸಿ ಇಡಿ. ಫ್ಯಾನಿನ ಗಾಳಿಗೆ, ದೀಪದ ಬಿಸಿಗೆ ಶ್ರುತಿ ಜರುಗುತ್ತದೆ. ಹಾಗಾಗಿ ಹಾಡುಗಳ ನಡುವೆ ಮಣಿ ಮುಟ್ಟಲು ಮಕ್ಕಳಿಗೆ ಧೈರ್ಯ ಹೇಳಿರಿ. ಮೊದಲ ಸಲ ಒಂದೇ ಹಾಡಿಗೆ ಕೂರಿಸಿ, ಒಂದು ಗಂಟೆಯ ಖಯಾಲ್ ಗಾಯನಕ್ಕೆ ಬೇಡ. ಕಾಲು ಜೋಮು ಹಿಡಿದ ಮಗು ಇನ್ನೊಮ್ಮೆ ಬರುವುದಿಲ್ಲ. ಮತ್ತೆ, ತಬಲಾದವರಿಗೆ ಲಕೋಟೆ ಕೊಡುವಾಗ ಈ ಮಕ್ಕಳಿಗೂ ಒಂದು ಕೊಡಿಸಿ. ಬಸ್ ಚಾರ್ಜ್ ಅಷ್ಟೇ ಇರಲಿ, ಆದರೆ ಹೆಸರು ಬರೆದ ಲಕೋಟೆ ಇರಲಿ. ನಿರೂಪಕರು ಅವರ ಹೆಸರನ್ನೂ ಮೈಕಿನಲ್ಲಿ ಹೇಳಲಿ.

ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರ ಮನೆ "ಮೃತ್ಯುಂಜಯ"ಕ್ಕೆ, ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ "ಗಂಗಾಲಹರಿ"ಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ದೊಡ್ಡ ಭಾಷಣ ಮಾಡಬೇಡಿ.

ಮಳೆಗಾಲ, ಬೇಸಿಗೆ

ಧಾರವಾಡದ ಜಿಟಿಜಿಟಿ ಮಳೆಗೆ ಮರ ಉಬ್ಬಿ ಬಿರಡೆ ಕಚ್ಚಿಕೊಳ್ಳುತ್ತದೆ, ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ದಿನಾ ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿ ಒರೆಸಿ. ಗೋಡೆ ತೇವವಿದ್ದರೆ ಅದಕ್ಕೆ ಒರಗಿಸಬೇಡಿ. ಗವಸಿನೊಳಗೆ ತೇವ ಹೀರುವ ಸಿಲಿಕಾ ಪೊಟ್ಟಣ ಇಡಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ಗದಗ ಕಡೆಯ ಏಪ್ರಿಲ್ ಬಿಸಿಲಲ್ಲಿ ತೊಂದರೆ ತದ್ವಿರುದ್ಧ. ಮರ ಒಣಗಿ ಬಿರಡೆ ಸಡಿಲವಾಗುತ್ತದೆ, ಬುರುಡೆ ಬಿರಿಯಬಹುದು. ಬಿರಡೆಗೆ ಸೀಮೆಸುಣ್ಣ ಸವರಿ, ತಗಡಿನ ಮಾಡಿನ ಕೋಣೆಯಲ್ಲಿ ಇಡಬೇಡಿ, ನಿಲ್ಲಿಸಿದ ಕಾರಿನಲ್ಲಂತೂ ಬೇಡವೇ ಬೇಡ. ಎಲ್ಲರೂ ಊರಿಗೆ ಹೊರಟರೆ ತಂತಿ ಸ್ವಲ್ಪ ಇಳಿಸಿಟ್ಟು ಹೋಗಿ. ಇಲಿ ಕಾಟ ಇರುವ ಮನೆಯಾದರೆ ತಂಬೂರಿಯನ್ನು ಎತ್ತರದ ಕಪಾಟಿನಲ್ಲಿ ಇಡಿ. ಸೋರೆಕಾಯಿ ಅವಕ್ಕೂ ಇಷ್ಟ.

ಮನೆಯಲ್ಲಿ ಯಾರೂ ಕಲಿಯದಿದ್ದರೆ

ಎಲ್ಲರ ಮನೆಯಲ್ಲೂ ಹಾಡುವ ಮಕ್ಕಳು ಇರುವುದಿಲ್ಲ. ಬೆಂಗಳೂರಿಗೋ ಪುಣೆಗೋ ಹೋಗಿಬಿಟ್ಟಿರುತ್ತಾರೆ. ಹಾಗಿದ್ದರೆ ಮಾರಬೇಕಿಲ್ಲ, ಎರವಲು ಕೊಡಿ. ಹತ್ತಿರದ ಸಂಗೀತ ಪಾಠಶಾಲೆಯ ಗುರುಗಳನ್ನು ಕೇಳಿದರೆ ಸ್ವಂತ ತಂಬೂರಿ ಇಲ್ಲದ ವಿದ್ಯಾರ್ಥಿಗಳ ಹೆಸರು ಹೇಳುತ್ತಾರೆ. ಕೊಳ್ಳುವ ಶಕ್ತಿ ಇಲ್ಲದ, ಆದರೆ ದಿನಾ ಅಭ್ಯಾಸ ಮಾಡುವ ಮಗು ಒಂದಾದರೂ ಇದ್ದೇ ಇರುತ್ತದೆ.

ಕೊಡುವಾಗ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಎಷ್ಟು ವರ್ಷಕ್ಕೆ ಕೊಟ್ಟಿದ್ದು, ತಂತಿಯ ಖರ್ಚು ಯಾರದು, ದೊಡ್ಡ ರಿಪೇರಿ ಬಂದರೆ ಯಾರು ಕೊಡಬೇಕು, ಊರು ಬಿಟ್ಟರೆ ಏನು. ಕೊಡುವ ದಿನ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ವರ್ಷಕ್ಕೊಮ್ಮೆ ಮಗು ನಿಮ್ಮ ಮನೆಗೆ ತಂಬೂರಿ ತಂದು, ನಿಮ್ಮ ಎದುರೇ ಸೇರಿಸಿ, ಒಂದು ಹಾಡು ಹಾಡಿ ಹೋಗಬೇಕು ಎಂಬ ಕರಾರು ಹಾಕಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಿಮಗೂ ವಾದ್ಯದ ಸ್ಥಿತಿ ಗೊತ್ತಾಗುತ್ತದೆ. ಇನ್ನೊಂದನ್ನೂ ಹಾಳೆಯಲ್ಲಿ ಸೇರಿಸಿ. ಮದುವೆ ಮಂಟಪದಲ್ಲಿ, ರಿಸೆಪ್ಷನ್ ಸ್ಟೇಜಿನ ಮೇಲೆ ಅಲಂಕಾರಕ್ಕೆ ಇಡಲು ಯಾರು ಕೇಳಿದರೂ ಕೊಡುವಂತಿಲ್ಲ.